ಗೋಡೌನಿನ ಒಡತಿ

“ಏ ಮುಂಡೇದೇ, ಆ ಕಡೆ ಎಲ್ಲಿಗೆ? ಅದು ಆಫೀಸಿನವರ ಕಕ್ಕಸು. ನಿಮ್ಮದೇನಿದ್ರೂ ಗೋಡೆ ಹಿಂದೆ!”

ಸಾಹುಕಾರನ ಕೂಗಿಗೆ ಅವಳು ತಿರುಗಿದಳು. ಈ ಗುಜರಿ ಗೋಡೌನಿನಲ್ಲಿ ಪ್ಲಾಸ್ಟಿಕ್ ಆರಿಸಿ ಆರಿಸಿ ಅವಳ ಮೂಗು ಸತ್ತಿತ್ತು. ಹಾಳು ಕಿವಿಗೆ ಮಾತ್ರ ಇನ್ನೂ ಜೀವವಿತ್ತು.

“ಕಕ್ಕಸಿಗಲ್ಲ ಸಾಹುಕಾರ್ರೇ, ನಿಮ್ಮ ಹತ್ರಾನೇ ಬಂದೆ.” ಸೆರಗಿನ ಗಂಟಿನಿಂದ ಸರ್ಕಾರದ ನೋಟೀಸು ತೆಗೆದಳು. “ಎರಡನೇ ಸಲ ಬಂತು. ತೆರಿಗೆ ಕಟ್ಟದಿದ್ರೆ ನನ್ನ ಮನೆ ಜಪ್ತಿ ಅಂತೆ. ಮಗಳು ಓದಿ ಹೇಳಿದ್ಲು. ಈ ಗೋಡೌನು ನಂದಂತೆ!”

ಆರಿಸುವ ಹೆಂಗಸರು ಘೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಹಿಂದೊಮ್ಮೆ ಗೇಟ್ ಪಾಸಿಗೆ ಅಂತ ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಂಡಾಗ, ಪಾಸಿಗೆ ಇಷ್ಟೊಂದು ಕಾಗದ ಯಾಕೆ ಎಂದು ಕೇಳದೆ, ಶಾಯಿ ಸೀರೆಗೆ ತಾಗೀತೆಂದು ಹೆದರಿದ ಮಹಾ ಜಾಣೆ!

“ಬಾಯಿ ಮುಚ್ಕೊಂಡಿರು. ನಾನು ನೋಡ್ಕೋತೀನಿ.”

“ಮೊದಲನೇ ನೋಟೀಸಿಗೂ ಹೀಗೇ ಅಂದ್ರಿ.”

“ಬೇವರ್ಸಿ, ಕೆಲಸ ಬೇಕೋ ಬೇಡ್ವೋ?”

ಮಧ್ಯಾಹ್ನ ಊಟ ಬಿಟ್ಟು ತೆರಿಗೆ ಕಚೇರಿಗೆ ಹೋದಳು. ಅಧಿಕಾರಿ ಕರ್ಚೀಫು ಮೂಗಿಗೆ ಹಿಡಿದು ನೋಟೀಸು ನೋಡಿದ.

“ಮಾಲೀಕರಿಗೆ ಬರೋಕೇನು ರೋಗ?”

“ಬಂದಿದೀನಲ್ಲ ಸ್ವಾಮಿ.”

“ನೀನಾ? ದೂರ ನಿಂತು ಮಾತಾಡು.”

“ಗೋಡೌನು ನಂದಲ್ಲ ಅಂತ ಬರ್ಕೊಳ್ಳಿ. ಇರೋದೊಂದು ಮನೆ.”

“ಹೆಬ್ಬೆಟ್ಟು ನಿಂದು ತಾನೇ? ಹಾಗಿದ್ರೆ ಗೋಡೌನೂ ನಿಂದೇ. ಸರ್ಕಾರಕ್ಕೆ ಅಷ್ಟೇ ಗೊತ್ತು.”

“ಒಳಗಿರೋ ಕುರ್ಚಿ, ಫ್ಯಾನು, ಕಕ್ಕಸು?”

“ಎಲ್ಲಾ ನಿಂದೇ ಕಣಮ್ಮ. ನಡಿ ಆಚೆ, ವಾಸನೆ.”

ದಾರಿಯುದ್ದಕ್ಕೂ ಅವಳಿಗೆ ನಗು ಉಕ್ಕುಕ್ಕಿ ಬಂತು. ಹುಟ್ಟಿದಾಗಿನಿಂದ ಒಂದು ಕೋಳಿಗೂ ಒಡತಿಯಾಗದವಳು! ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ಗೋಡೌನು ಮುಟ್ಟಿದವಳೇ ಸಾಹುಕಾರನ ಗಾಜಿನ ಕೋಣೆಗೆ ನುಗ್ಗಿ, ಮೊಳೆಯಲ್ಲಿ ನೇತಾಡುತ್ತಿದ್ದ ಕಕ್ಕಸಿನ ಬೀಗದ ಕೈ ಕಿತ್ತುಕೊಂಡಳು.

“ಬನ್ರೇ ಎಲ್ಲಾ! ಅಕ್ಕಾ, ನಿನಗೆ ಸಕ್ಕರೆ ಕಾಯಿಲೆ, ತಡ್ಕೊಳ್ಳೋಕಾಗಲ್ಲ. ನೀನೇ ಮೊದಲು.”

ಮುದುಕಿ ಒಳಹೋಗಿ ಚಿಲಕ ಹಾಕಿಕೊಂಡಳು. ಉಳಿದವರು ಬಾಗಿಲಿಗೆ ಸಾಲುಗಟ್ಟಿದರು. ಸಾಹುಕಾರ ಓಡಿ ಬಂದ.

“ಯಾರಪ್ಪಂದು ಅಂದ್ಕೊಂಡ್ಯೇ ಇದು?”

“ನಂದು. ಸರ್ಕಾರಾನೇ ಹೇಳ್ತು.”

“ಪೊಲೀಸರನ್ನ ಕರೀತೀನಿ!”

“ಕರಿ. ಅವರಿಗೂ ಈ ನೋಟೀಸೇ ತೋರಿಸ್ತೀನಿ.” ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಅಷ್ಟರಲ್ಲಿ ನಿನಗೆ ಅವಸರ ಆದ್ರೆ, ಗೋಡೆ ಹಿಂದೆ ಹೋಗಪ್ಪ.”