ನಲವತ್ತೊಂದನೇ ಪುಟ

ಅಲ್ಲಿ ಸಂಖ್ಯೆಗಳು ನಾಲ್ಕೇ: ಸೊನ್ನೆ, ಒಂದು, ಎರಡು, ಮೂರು. ನಾಲ್ಕು ಬಂತೆಂದರೆ ಅದು ಮತ್ತೆ ಸೊನ್ನೆ. ಮೈಂದರ್ಗಿಯ ಶ್ರದ್ಧಾ ಸೋಲಾಪುರದಲ್ಲಿ ಪಿಎಚ್‌.ಡಿ.ಗೆ ಸೇರಿ ಆರು ವರ್ಷ ಈ ಪುಟ್ಟ ಲೋಕದಲ್ಲೇ ಕಳೆದಿದ್ದಳು. ಆ ಸಂಖ್ಯೆಗಳಿಂದ ಕಟ್ಟಿದ ಯಾವ ಮ್ಯಾಟ್ರಿಕ್ಸ್ ಹಾಕಿದರೂ ಸೊನ್ನೆಯೇ ಆಗುವ ಬಹುಪದೋಕ್ತಿಗಳಿವೆಯಲ್ಲ, ಅವೆಲ್ಲ ಐದೇ ಐದರಿಂದ ಹುಟ್ಟುತ್ತವೆ ಎಂದು ಸಾಧಿಸಿದ್ದಳು. ಪ್ರಬಂಧ ಸಲ್ಲಿಸಲು ನಾಳೆಯೇ ಕಡೆಯ ದಿನ.

ಬೆಳಿಗ್ಗೆ ಕೊನೆಯ ಸಲ ಕಣ್ಣಾಡಿಸುವಾಗ ನಲವತ್ತೊಂದನೇ ಪುಟದಲ್ಲಿ ಕೈ ನಿಂತಿತು. ಒಂದು ಬಹುಪದೋಕ್ತಿಯ ಎರಡರಷ್ಟು ಸೊನ್ನೆ, ಆದ್ದರಿಂದ ಅದೇ ಸೊನ್ನೆ ಎಂದಿತ್ತು. ಹಾಳಾದ್ದು, ಇಲ್ಲಿ ಎರಡೆರಡಲ ನಾಲ್ಕು, ಅಂದರೆ ಸೊನ್ನೆ. ಎರಡನ್ನು ಹೊಡೆದುಹಾಕುವಂತಿಲ್ಲ ಎಂಬುದು ಎಂ.ಎಸ್ಸಿ. ಹುಡುಗರಿಗೂ ಗೊತ್ತು. ಆದರೆ ಆ ಸಾಲು ಅವಳದಲ್ಲ, ಮಾರ್ಗದರ್ಶಕ ಧರ್ಮರಾಜ ಸರ್ ಅವರ ಹಳೆಯ ಲೇಖನದ್ದು. ಗುರುಗಳು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು. ಮರಳಿ ಪರೀಕ್ಷಿಸಬೇಕೆಂದು ಹೊಳೆದಿರಲೇ ಇಲ್ಲ. ಈಗ ಮ್ಯಾಟ್ರಿಕ್ಸ್ ಹಾಕಿ ನೋಡಿದಳು. ಸೊನ್ನೆ ಬರಬೇಕಾದಲ್ಲಿ ಎರಡು ಬಂತು. ಇನ್ನೊಮ್ಮೆ ಮಾಡಿದಳು, ಅದೇ. ಆ ಸಾಲಿನ ಮೇಲೇ ನಿಂತಿದ್ದ ಅವಳ ಇಡೀ ಸಾಧನೆ ಕುಸಿದಿತ್ತು.

ಸರ್ ಮನೆಯಿದ್ದ ಅಕ್ಕಲಕೋಟೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನಗಿಂತ ಸರ್‌ದೇ ಚಿಂತೆ. ಬರುವ ತಿಂಗಳು ನಿವೃತ್ತಿ. ಅವರ ಹೆಸರು ನಿಂತಿರುವುದೇ ಆ ಲೇಖನದ ಮೇಲೆ. ಪಾಪ, ಹೇಗೆ ಹೇಳಲಿ ಎಂದು ಒದ್ದಾಡಿದಳು.

ಧರ್ಮರಾಜ ಸರ್ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅವಳು ಹಾಳೆ ಮುಂದೆ ಹಿಡಿದಳು.

“ಸರ್, ಇಲ್ಲಿ ಎರಡು ಹೊಡದ್ಹಾಕಾಕ ಬರೂದಿಲ್ರಿ.”

ಅವರು ಹಾಳೆಯ ಕಡೆ ನೋಡಲೇ ಇಲ್ಲ. “ಗೊತ್ತೈತಿ,” ಎಂದರು.

“ಯಾವಾಗಿಂದರಿ?”

“ನೀ ಬರೂಕಿಂತ ಮೊದಲಿಂದ. ನೀ ಶಾಣ್ಯಾಕಿ ಇದ್ದಿ. ಬ್ಯಾರೆ ದಾರಿ ಹುಡುಕತಿ, ನನ್ನ ತಪ್ಪು ಮುಚ್ಚಿ ಹೋಗ್ತೈತಿ ಅಂತ ಸುಮ್ಮನ ಕುಂತೆ.”

ಶ್ರದ್ಧಾಳಿಗೆ ಸಿಟ್ಟು ಬರಬೇಕಿತ್ತು, ಅದಕ್ಕೂ ತ್ರಾಣವಿರಲಿಲ್ಲ. ಇಪ್ಪತ್ತಾರಕ್ಕೆ ಸೇರಿದ್ದವಳಿಗೆ ಈಗ ಮೂವತ್ತೆರಡು.

“ನಾಳೆ ಕೊಟ್ಟುಬಿಡವ್ವಾ,” ಎಂದರು ಸರ್, ಬಟ್ಟಲು ಕೆಳಗಿಟ್ಟು. “ಅಷ್ಟು ಆಳಕ್ಕ ಯಾರೂ ನೋಡೂದಿಲ್ಲ.”

“ಹೌದ್ರಿ. ನಾನೂ ನೋಡಲಿಲ್ಲ. ನಿಮ್ಮ ಹೆಸರಿತ್ತಲ್ರಿ.”

ಮರುದಿನ ಸಂಜೆ ಐದಕ್ಕೆ ಸೋಲಾಪುರದ ವಿಶ್ವವಿದ್ಯಾಲಯದ ಕಚೇರಿ ಬಾಗಿಲು ಹಾಕಿತು. ಶ್ರದ್ಧಾ ಹೋಗಿರಲಿಲ್ಲ.