ಎರಡು ಸಾವಿರದ ನಾಲ್ಕರ ನಂತರ ಹುಟ್ಟಿದವರು

ಲೆನ್ ವ್ರೊಬೆಲ್ ಹಾರ್ಲೋ ಊರಿನ ಆರೋಗ್ಯ ಮಂಡಳಿಗೆ ಆರಿಸಿ ಬಂದದ್ದು ಸಿಗರೇಟಿನ ವಿಚಾರ ತೀರ್ಮಾನಿಸಲಿಕ್ಕಲ್ಲ. ಮ್ಯಾಸಚೂಸೆಟ್ಸ್‌ನ ಉತ್ತರದ ಅಂಚಿನಲ್ಲಿದ್ದ ಆ ಪುಟ್ಟ ಊರಿನ ಮಂಡಳಿಯ ಮುಂದೆ ಬರುತ್ತಿದ್ದುದು ಹಿತ್ತಿಲಿನ ಶೌಚಗುಂಡಿ, ಬಾವಿಯ ನೀರು, ಹೋಟೆಲಿನ ಅಡುಗೆಮನೆಯ ಇಲಿ, ಇಂಥವೇ. ಲೆನ್ ಜೀವಮಾನವೆಲ್ಲ ಊರಿನ ನಲ್ಲಿ ಕೊಳಾಯಿ ರಿಪೇರಿ ಮಾಡಿದವನು. ಹಾಗಾಗಿ ಪ್ರತಿ ಚುನಾವಣೆಯಲ್ಲೂ ಜನ ಯೋಚನೆಯನ್ನೇ ಮಾಡದೆ ಅವನ ಹೆಸರಿಗೆ ಗುರುತು ಹಾಕಿ ಹೋಗುತ್ತಿದ್ದರು. ಎದುರಾಳಿಯೆಂದು ಯಾರೂ ನಿಂತದ್ದೇ ಇಲ್ಲ.

ಆ ಚಳಿಗಾಲದಲ್ಲಿ ಮಂಡಳಿಯ ಅಧ್ಯಕ್ಷೆ, ಮಕ್ಕಳ ಡಾಕ್ಟರ್ ಆಲ್ಥಿಯಾ ವಿನ್‌ಸ್ಲೋ ಒಂದು ಹೊಸ ನಿಯಮ ತಂದಳು. ಎರಡು ಸಾವಿರದ ನಾಲ್ಕರ ಜನವರಿ ಒಂದರಿಂದೀಚೆಗೆ ಹುಟ್ಟಿದವರಿಗೆ ಹಾರ್ಲೋದ ಯಾವ ಅಂಗಡಿಯಲ್ಲೂ ತಂಬಾಕು, ನಿಕೋಟಿನ್ ಮಾರುವಂತಿಲ್ಲ. ಅವರು ನಲವತ್ತಕ್ಕೆ ಬರಲಿ, ಎಪ್ಪತ್ತಕ್ಕೆ ಬರಲಿ, ಎಂದಿಗೂ ಇಲ್ಲ. ಈಗ ಸೇದುವ ಹಿರಿಯರ ತಂಟೆಗೆ ಹೋಗುವುದಿಲ್ಲ. ಆಚೀಚಿನ ಕೆಲವು ಊರುಗಳಲ್ಲಿ ಇಂಥದ್ದು ಆಗಲೇ ಜಾರಿಗೆ ಬಂದಿತ್ತು. ಮಂಡಳಿಯಲ್ಲಿ ಇದ್ದವರೇ ಮೂವರು. ಡಾಕ್ಟರಮ್ಮ ಪರ. ನಿವೃತ್ತ ಮೇಷ್ಟ್ರು ಡೆನಿಸ್ ಕಿಲ್ಬಿ ವಿರೋಧ. ಉಳಿದವನು ಲೆನ್. ಅವನು ಎತ್ತ ಎಂಬ ಬಗ್ಗೆ ಊರಿನಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಹದಿನೈದರ ಹರೆಯದಿಂದ ಸೇದುತ್ತಿದ್ದ ಮನುಷ್ಯ. ಸಭೆಯ ನಡುವೆ ಬಿಡುವು ಕೊಟ್ಟರೆ ಪುರಭವನದ ಮೆಟ್ಟಿಲ ಮೇಲೆ ಮೊದಲು ಬೆಂಕಿಕಡ್ಡಿ ಗೀರುತ್ತಿದ್ದವನು ಅವನೇ.

"ನೀನಿದ್ದೀಯಲ್ಲ ಮಾರಾಯ, ನನಗೇನು ಚಿಂತೆ," ಎಂದಿದ್ದ ಗಿಲ್ ಮೆಂಡೋಂಸಾ, ಕಾಫಿ ಲೋಟವನ್ನು ಅವನತ್ತ ಸರಿಸುತ್ತ.

ಗಿಲ್‌ನದು ಮುಖ್ಯ ಬೀದಿಯ ಮೂಲೆ ಅಂಗಡಿ. ಹಾಲು, ಬ್ರೆಡ್ಡು, ಲಾಟರಿ ಚೀಟಿ, ಗಲ್ಲಾದ ಹಿಂದೆ ಗೋಡೆ ತುಂಬ ಸಿಗರೇಟು. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಹೆಂಡತಿ ತೀರಿಕೊಂಡ ಮೇಲಂತೂ ಲೆನ್‌ಗೆ ಬೆಳಗಿನ ಕಾಫಿ, ಒಂದು ತುಂಡು ಪೋರ್ಚುಗೀಸ್ ಸಿಹಿ ಬ್ರೆಡ್ಡು, ಊರ ಸುದ್ದಿ, ಎಲ್ಲವೂ ಅಲ್ಲೇ. ಮೊಮ್ಮಗಳು ಕೊರಿನ್‌ಗೆ ಕೆಲಸ ಕೊಟ್ಟವನೂ ಗಿಲ್. ಅವಳ ತಾಯಿ ಹೊಸ ಗಂಡನ ಜೊತೆ ಫ್ಲಾರಿಡಾಕ್ಕೆ ಹೋದಮೇಲೆ ಹುಡುಗಿ ಅಜ್ಜನ ಮನೆಯಲ್ಲೇ ಉಳಿದಿದ್ದಳು. ಹುಟ್ಟಿದ್ದು ಎರಡು ಸಾವಿರದ ನಾಲ್ಕರಲ್ಲಿ; ಸಿಗರೇಟು ಕೊಳ್ಳಲು ಕಾನೂನು ಒಪ್ಪುವ ಇಪ್ಪತ್ತೊಂದು ಈಗ ಅವಳಿಗೆ ತುಂಬುವುದರಲ್ಲಿತ್ತು.

ಲೆನ್ ಕೂಡ ವಿರೋಧವಾಗಿಯೇ ಕೈ ಎತ್ತುವವನಿದ್ದ. ಆದರೆ ಸಭೆಗೆ ಕೆಲವು ದಿನ ಮುಂಚೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅವನಿಗೊಂದು ಕೆಮ್ಮು ಕೇಳಿಸಿತು. ಎದೆಯ ತಳದಿಂದ ಕಿತ್ತು ಬಂದು, ನಡುವೆ ಸಿಳ್ಳೆ ಹಾಕಿ, ಕೊನೆಗೆ ಉಗಿಯುವ ಕೆಮ್ಮು. ದಿನಾ ಬೆಳಿಗ್ಗೆ ಅವನೇ ಕೆಮ್ಮುವ ಕೆಮ್ಮು. ಅವನು ಬಾಯಿಗೆ ಕೈ ಹಿಡಿದ. ಬಾಯಿ ಮುಚ್ಚಿಯೇ ಇತ್ತು. ಕೆಮ್ಮು ಬರುತ್ತಿದ್ದುದು ಗೋಡೆಯಾಚೆಯ ಬಚ್ಚಲಿನಿಂದ.

ಕೊರಿನ್ ಹೊರಬಂದಾಗ ಕೇಳಿದ: "ಯಾವಾಗಿಂದ ಹೀಗೆ?"

"ನೆಗಡಿ, ಜಾಜಾ," ಎಂದಳು. ಚಿಕ್ಕಂದಿನಿಂದಲೂ ಅಜ್ಜನನ್ನು ಅವಳು ಕರೆಯುತ್ತಿದ್ದುದೇ ಹಾಗೆ. "ನೀನು ನನಗೆ ಬುದ್ಧಿ ಹೇಳ್ಬೇಡ. ನಗು ಬರುತ್ತೆ."

ಬುದ್ಧಿ ಹೇಳುವುದಾದರೂ ಏನೆಂದು? ತಾನು ಎಷ್ಟು ಸಲ ಬಿಡಲು ಹೋಗಿ ಸೋತಿದ್ದೇನೆಂದು ಅವಳಿಗೆ ಗೊತ್ತೇ ಇತ್ತು. ಸಿಗರೇಟಿನ ಚಟ ಬಿಡಿಸಲು ಕೊಡುವ ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡು, ಅದರ ಮೇಲೇ ಅಂಗಿ ತೊಟ್ಟು, ಹಿತ್ತಿಲಿಗೆ ಹೋಗಿ ಕಳ್ಳನ ಹಾಗೆ ಸೇದಿದ್ದನ್ನು ಅವಳೇ ಕಿಟಕಿಯಿಂದ ಕಂಡಿದ್ದಳು.

ಸಭೆಯ ಸಂಜೆ ಪುರಭವನದಲ್ಲಿ ಕೂರಲು ಜಾಗವಿರಲಿಲ್ಲ. ಅಂಗಡಿಕಾರರು ಒಂದು ಕಡೆ, ಶಾಲಾಮಕ್ಕಳ ತಾಯಂದಿರು ಇನ್ನೊಂದು ಕಡೆ. ಬಾಸ್ಟನ್ನಿನಿಂದ ಬಂದಿದ್ದ ಯಾವನೋ ವಕೀಲ ಸ್ವಾತಂತ್ರ್ಯದ ಬಗ್ಗೆ ಮಾತಾಡಿ ಕೂತ. ಡಾಕ್ಟರಮ್ಮ ಶ್ವಾಸಕೋಶದ ಚಿತ್ರ ತೋರಿಸಿದಳು. ಗಿಲ್ ಎದ್ದು ನಿಂತ; ಅವನಿಗೆ ಭಾಷಣ ಬರುತ್ತಿರಲಿಲ್ಲ.

"ನಾನು ಯಾರಿಗೂ ಸೇದಿ ಅಂತ ಹೇಳಿಲ್ಲ," ಎಂದ. "ಇನ್ನು ಹತ್ತು ವರ್ಷಕ್ಕೆ ಒಬ್ಬ ಬರ್ತಾನೆ, ಮೂವತ್ತು ವರ್ಷದವನು, ಮಕ್ಕಳಿರೋನು. ಅವನಿಗೆ ನೀನು ಚಿಕ್ಕವನು ಕಣಪ್ಪಾ ಅಂತ ಹೇಳ್ಬೇಕಾ ನಾನು? ಅವನು ಕಾರು ಹತ್ತಿ ಹತ್ತು ನಿಮಿಷಕ್ಕೆ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗ್ತಾನೆ. ಸಿಗರೇಟು ಅಲ್ಲೇ ತಗೋತಾನೆ, ಹಾಲೂ ಅಲ್ಲೇ ತಗೋತಾನೆ."

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ಕೂಗಿದರು: "ಲೆನ್, ನಿನ್ನ ಜೇಬಲ್ಲಿರೋದನ್ನ ಡಾಕ್ಟರಮ್ಮಂಗೆ ತೋರ್ಸಪ್ಪಾ." ಸಭೆ ನಕ್ಕಿತು.

ಲೆನ್ ಅಂಗಿಯ ಜೇಬಿನಿಂದ ಪ್ಯಾಕು ತೆಗೆದು ಮೇಜಿನ ಮೇಲಿಟ್ಟ. ನಗು ಇನ್ನೂ ಜೋರಾಯಿತು. ಅಷ್ಟರಲ್ಲಿ ಡಾಕ್ಟರಮ್ಮ ಮತಕ್ಕೆ ಕರೆದಳು. ತಾನು ಪರ ಎಂದಳು, ಕಿಲ್ಬಿ ವಿರೋಧ ಎಂದ. ಲೆನ್ ಮೇಜನ್ನೇ ನೋಡುತ್ತ "ಪರ" ಎಂದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲವೆದ್ದಿತು. "ನೀನು ಸೇದ್ಬಹುದು, ನಮ್ಮ ಮಕ್ಕಳು ಸೇದ್ಬಾರದೋ?" ಎಂದು ಒಬ್ಬ ಎದ್ದುನಿಂತ. ಲೆನ್ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಮಾತಿಗೆ ಮಾತು ಬಂತು.

"ನಾನು ಬಿಡೋಕಾಗದೆ ಸಾಯ್ತಿದ್ದೀನಿ, ಅದಕ್ಕೇ," ಎಂದ. "ನನ್ನ ಮನೇಲೊಬ್ಳಿದ್ದಾಳೆ, ಇನ್ನೂ ಇಪ್ಪತ್ತೊಂದು ತುಂಬಿಲ್ಲ. ಬೆಳಿಗ್ಗೆ ಎದ್ದರೆ ಮುದುಕರ ಥರ ಕೆಮ್ತಾಳೆ. ಬಚ್ಚಲಲ್ಲಿ ಉಗೀತಾಳೆ. ಅದನ್ನ ಕೇಳಿಸ್ಕೊಂಡು ನಾನು ಹೆಂಗೆ ಬೇಡ ಅನ್ಲಿ?"

ಕೊರಿನ್ ಗಿಲ್‌ನ ಪಕ್ಕದಲ್ಲೇ ಕೂತಿದ್ದಳು. ಇಡೀ ಸಭೆ ತಿರುಗಿ ಅವಳನ್ನು ನೋಡಿತು. ಶಾಲೆಯಲ್ಲಿ ಅವಳಿಗೆ ಪಾಠ ಹೇಳಿದವರು, ಅವಳ ಜೊತೆ ಓದಿದವರ ತಾಯಂದಿರು, ದಿನಾ ಅವಳ ಕೈಯಿಂದ ಲಾಟರಿ ಚೀಟಿ ಕೊಳ್ಳುವವರು. ಒಬ್ಬ ಹೆಂಗಸು ಅಯ್ಯೋ ಪಾಪ ಎಂಬಂತೆ ಅವಳ ಭುಜ ಮುಟ್ಟಿದಳು. ಕೊರಿನ್ ಆ ಕೈ ಕೊಡವಿ ಕೋಟು ಎತ್ತಿಕೊಂಡು ಹೊರಟುಹೋದಳು.

ಲೆನ್ ಮನೆಗೆ ಬರುವಷ್ಟರಲ್ಲಿ ಅವಳು ಚೀಲ ತುಂಬಿದ್ದಳು.

"ನನ್ನ ಹತ್ರ ಹೇಳೋಕೆ ಬಾಯಿ ಬರ್ಲಿಲ್ಲ, ಊರಿಗೆಲ್ಲ ಹೇಳೋಕೆ ಬಂತು," ಎಂದಳು. ಅವಳ ದನಿ ಏರಲೇ ಇಲ್ಲ. "ಉಗೀತಾಳೆ ಅಂದ್ಯಲ್ಲ, ಜಾಜಾ. ಎಲ್ಲರೆದುರಿಗೆ."

"ನಿನ್ನ ಒಳ್ಳೇದಕ್ಕೇ ಕಣಮ್ಮ."

"ನನಗೆ ಸಿಗರೇಟು ಕಲಿಸಿದ್ದು ಯಾರು ಗೊತ್ತಾ? ಟಿವಿ ಮುಂದಿಟ್ಟಿದ್ದ ನಿನ್ನ ಪ್ಯಾಕು."

ಬಾಗಿಲ ಹೊರಗೆ ಗೆಳೆಯನ ಕಾರು ನಿಂತಿತ್ತು. ಅವಳು ಹೋದಳು.

ಮಾರನೆಯ ಬೆಳಿಗ್ಗೆ ಲೆನ್ ಎಂದಿನಂತೆ ಅಂಗಡಿಗೆ ಹೋದ. ಗಿಲ್ ಕಾಫಿ ಕೊಟ್ಟ. ಕುಡಿದಾದ ಮೇಲೆ ಹೇಳಿದ:

"ಪರ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ ಕಣೋ. ನಿನ್ನೆ ಬೆಳಿಗ್ಗೆ ಇದೇ ಜಾಗದಲ್ಲಿ ಕೂತು ಕಾಫಿ ಕುಡಿದೆಯಲ್ಲ. ಆಗ ಹೇಳ್ಬಹುದಿತ್ತು. ನೀನಿದ್ದೀಯ ಅಂತ ನಾನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ."

"ಹೇಳಿದ್ರೆ ನೀನು ನನ್ನ ಮನಸ್ಸು ತಿರುಗಿಸ್ತಿದ್ದೆ."

"ತಿರುಗಿಸ್ತಿದ್ದೆ," ಎಂದ ಗಿಲ್. "ಸ್ನೇಹ ಅಂದ್ರೆ ಅದೇ ಅಲ್ವಾ." ಲೋಟ ತೆಗೆದುಕೊಂಡು ಒಳಗೆ ಹೋದ. ಆಮೇಲೆ ಲೆನ್ ಆ ಅಂಗಡಿಗೆ ಹೋಗಲಿಲ್ಲ. ಸಿಗರೇಟನ್ನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೊಳ್ಳತೊಡಗಿದ.

ವಸಂತದಲ್ಲಿ ಲೆನ್‌ನ ಅವಧಿ ಮುಗಿದು ಚುನಾವಣೆ ಬಂತು. ಅವನ ಎದುರು ನಿಂತವನು ಗಿಲ್. ಮತಗಟ್ಟೆಯ ಹೊರಗೆ, ತುಂತುರು ಮಳೆಯಲ್ಲಿ, ಗಿಲ್‌ನ ಹೆಸರು ಬರೆದ ಫಲಕ ಹಿಡಿದು ನಿಂತವರಲ್ಲಿ ಕೊರಿನ್ ಕೂಡ ಇದ್ದಳು. ಲೆನ್ ಅವಳೆದುರಿಗೇ ನಡೆದು ಒಳಗೆ ಹೋಗಬೇಕಾಯಿತು. ಅವಳು ಫಲಕವನ್ನು ಕೆಳಗಿಳಿಸಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. "ಗುಡ್ ಮಾರ್ನಿಂಗ್, ಜಾಜಾ" ಎಂದಳು, ಎಲ್ಲರಿಗೂ ಹೇಳುವ ಹಾಗೆ. ಅವನಿಗೆ ಕಾಲು ಭಾಗ ಮತವೂ ಬೀಳಲಿಲ್ಲ. ಡಾಕ್ಟರಮ್ಮ ಫೋನು ಮಾಡಿ ನಿಮ್ಮಂಥ ಧೈರ್ಯವಂತರು ಬೇಕು ಎಂದಳು. ಹೊಸ ಮಂಡಳಿಯ ಮೊದಲ ಸಭೆಯಲ್ಲೇ ಗಿಲ್ ಮತ್ತು ಕಿಲ್ಬಿ ಸೇರಿ ನಿಯಮವನ್ನು ರದ್ದು ಮಾಡಿದರು. ಐದು ತಿಂಗಳೂ ಬಾಳದ ಆ ನಿಯಮದಿಂದ ಯಾರಾದರೂ ಒಬ್ಬರು ಸಿಗರೇಟು ಬಿಟ್ಟದ್ದು ಊರಿನಲ್ಲಿ ಕೇಳಿಬರಲಿಲ್ಲ.

ಬೇಸಿಗೆಯಲ್ಲಿ ಲೆನ್‌ಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಸ್ಪತ್ರೆ ಇದ್ದದ್ದು ಗಡಿಯಾಚೆ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ವಾಪಸು ಕಾರು ಓಡಿಸುವವರು ಯಾರಾದರೂ ಜೊತೆಗಿರಲೇಬೇಕು ಎಂದಿದ್ದರು. ಅವನಿಗೆ ಕೇಳಲು ಬೇರೆ ಯಾರೂ ಹೊಳೆಯಲಿಲ್ಲ. ಕೊರಿನ್ ಫೋನಿನಲ್ಲಿ "ಎಷ್ಟು ಗಂಟೆಗೆ?" ಎಂದಷ್ಟೇ ಕೇಳಿದಳು.

ಬರುವಾಗ, ಗಡಿ ದಾಟುವುದಕ್ಕೆ ಸ್ವಲ್ಪ ಮೊದಲು ಅವಳು ಒಂದು ದೊಡ್ಡ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಕಿಟಕಿಯ ತುಂಬ ಸಿಗರೇಟಿನ ಅಗ್ಗದ ಬೆಲೆಯ ಫಲಕಗಳು. ನಿಂತಿದ್ದ ಕಾರುಗಳ ನಂಬರೆಲ್ಲ ಮ್ಯಾಸಚೂಸೆಟ್ಸ್‌ನವೇ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಲೆನ್ ಕಾರಿನೊಳಗೇ ಕೂತ. ಏನು ಮಾಡುತ್ತಿದ್ದೀಯ ಎಂದು ಕೇಳುವ ಹಕ್ಕು ತನಗಿನ್ನೂ ಉಳಿದಿದೆಯೇ ಎಂದು ಯೋಚಿಸುತ್ತಿರುವಾಗಲೇ ಅವಳು ಬಂದಳು. ತನಗೊಂದು ಪೊಟ್ಟಣ ಕೊಂಡಿದ್ದಳು. ಅವನ ತೊಡೆಯ ಮೇಲೆ ಒಂದು ದೊಡ್ಡ ಡಬ್ಬಿಯನ್ನೇ ಇಟ್ಟಳು. ಅವನು ಸೇದುವ ಜಾತಿಯದೇ ಸಿಗರೇಟು, ಹತ್ತು ಪ್ಯಾಕು. ಎರಡು ವಾರಕ್ಕೆ ಸಾಕಾಗುವಷ್ಟು.

"ಆ ಬಂಕಿನವನು ನಿನ್ನನ್ನ ಸುಲೀತಿದ್ದಾನಂತೆ," ಎಂದಳು. "ಗಿಲ್ ಹೇಳ್ತಿದ್ದ."

ಚಳಿಗಾಲದಿಂದೀಚೆಗೆ ಅವಳು ಅವನಿಗಾಗಿ ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು. ಬೇಡ ಎಂದು ಬಿಡಬಹುದಿತ್ತು. ಬೇಡ ಎಂದರೆ ಮತ್ತೆ ಯಾವಾಗ ಬರುತ್ತಾಳೋ, ಬರುತ್ತಾಳೋ ಇಲ್ಲವೋ. ಡಬ್ಬಿಯ ಮೇಲಿನ ಹೊಳೆಯುವ ತೆಳು ಹೊದಿಕೆಯನ್ನು ಉಗುರಿನಿಂದ ಎಬ್ಬಿಸಲು ನೋಡಿದ; ಒಂದೇ ಕಣ್ಣಿಗೆ ಅಂಚು ಸಿಗಲಿಲ್ಲ. ಕೊರಿನ್ ಅವನ ಕೈಯಿಂದ ತೆಗೆದುಕೊಂಡು ಹಲ್ಲಿನಿಂದ ಹರಿದು ವಾಪಸು ಕೊಟ್ಟಳು.

"ಥ್ಯಾಂಕ್ಸ್ ಕಣಮ್ಮ," ಎಂದ ಲೆನ್.

ಅವಳು ಎರಡೂ ಕಡೆಯ ಕಿಟಕಿ ಇಳಿಸಿ ಕಾರನ್ನು ರಸ್ತೆಗೆ ಹತ್ತಿಸಿದಳು.