ಭಾವನ ಎಡಗಣ್ಣು

ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತ ಜಯಶೀಲ ಮತ್ತೆ ಏಳಲಿಲ್ಲ. ಡಾಕ್ಟರು ನೋಡಿ ಹೋದ ಕೂಡಲೇ ಹೆಂಡತಿ ರತ್ನಾವತಿ ಕಣ್ಣು ಒಣಗದ ಹಾಗೆ ಫ್ಯಾನ್ ಆರಿಸಿ, ಅವನ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು, ಮಗ ಅಕ್ಷಿತನಿಂದ ಕಲ್ಯಾಣದ ನೇತ್ರಬ್ಯಾಂಕಿಗೆ ಫೋನ್ ಮಾಡಿಸಿದಳು. ಕಣ್ಣು ಕೊಡಬೇಕೆಂಬುದು ಜಯಶೀಲನದ್ದೇ ಮಾತು. ಹೊತ್ತು ಮೀರಿದರೆ ಅವು ಯಾರಿಗೂ ಆಗುವುದಿಲ್ಲ.

ಡೊಂಬಿವಲಿಯ ಆ ಸಣ್ಣ ಮನೆಗೆ ಊರವರೆಲ್ಲ ಬಂದು ತುಂಬಿದರು. ಮೊದಲು ಬಾಯಿ ತೆರೆದವನು ಜಯಶೀಲನ ಅಣ್ಣ ವಸಂತಕುಮಾರ, ಕನ್ನಡ ಸಂಘದ ಅಧ್ಯಕ್ಷ. ಪರವೂರಿಗೆ ಬಂದ ನಮ್ಮವರು ಅಂಗಾಂಗ ಪಡೆಯುವ ಸಾಲಿನಲ್ಲಿ ನಿಲ್ಲುತ್ತಾರೆ, ಕೊಡುವಾಗ ಕಾಣೆಯಾಗುತ್ತಾರೆ ಎಂದು ಪ್ರತಿ ವಾರ್ಷಿಕೋತ್ಸವದಲ್ಲೂ ಶಾಲು ಹೊದ್ದು ಮೈಕು ಹರಿಯುವ ಹಾಗೆ ಅರಚುವ ಗಂಡಸು. ಈಗ ಅವನೇ ಹತ್ತಿ ಕೀಳಲು ಕೈಚಾಚಿದ. ಸತ್ತವರು ಕುಲೆಗಳಾಗಿ ಆಟಿ ತಿಂಗಳಲ್ಲಿ ಮನೆಗೆ ಉಣ್ಣಲು ಬರುತ್ತಾರಲ್ಲ, ಅದು ಅವನ ಚಿಂತೆ.

"ಕಣ್ಣಿಲ್ಲದ ಕುಲೆ ಬಡಿಸಿದ ಎಲೆಗೆ ಹೇಗೆ ಬರ್ತದೆ ರತ್ನಾ? ನನ್ನ ತಮ್ಮ ತಡಕಾಡಿಕೊಂಡು ಅಲೆಯಬೇಕಾ?"

ಸಂಘದವರು ಕೋಲೆಬಸವನ ಹಾಗೆ ತಲೆಯಾಡಿಸಿದರು. ರತ್ನಾವತಿ ಅವನ ಕೈ ತಳ್ಳಿದಳು.

"ಭಾವ, ನಿಮ್ಮ ಎಡಗಣ್ಣು ಯಾರದ್ದು?"

ಆ ಕಣ್ಣಿನ ಕಾರ್ನಿಯಾ ಬೆಳ್ಳಗಾಗಿ ಕಾಣದಾದಾಗ ಥಾಣೆಯ ಆಸ್ಪತ್ರೆಯಲ್ಲಿ, ಸತ್ತವರೊಬ್ಬರ ಕಾರ್ನಿಯಾ ಹಾಕಿಸಿಕೊಂಡು ಬಂದವನು ಅವನು. ಆಗ ಜಾತಿ, ಭಾಷೆ, ಕುಲೆ ಒಂದೂ ಅಡ್ಡ ಬಂದಿರಲಿಲ್ಲ.

"ಅದು ಬೇರೆ," ಎಂದ ವಸಂತಕುಮಾರ. "ಅವರು ನಮ್ಮವರಲ್ಲ."

ಈ ಮನುಷ್ಯನಿಗೆ ಇಷ್ಟು ವರ್ಷ ಎದ್ದು ನಿಂತು ಚಹಾ ಕೊಟ್ಟೆನಲ್ಲ ಎಂದು ರತ್ನಾವತಿಗೆ ಅಸಹ್ಯವಾಯಿತು. ಅಷ್ಟರಲ್ಲಿ ಅಕ್ಷಿತ್ ಬಾಗಿಲಿನಿಂದ, "ಮಮ್ಮಿ, ವೋ ಲೋಗ್ ಆ ಗಯೇ," ಎಂದ. ಪೆಟ್ಟಿಗೆ ಹಿಡಿದು ಬಂದ ನೇತ್ರಬ್ಯಾಂಕಿನ ಡಾಕ್ಟರಿಗೆ ದಾರಿಬಿಡಲು ಅವಳು ಅಧ್ಯಕ್ಷರನ್ನು ಪಕ್ಕಕ್ಕೆ ಸರಿಸಿದಳು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿದಳು.

ಆಟಿ ಬಂತು. ಕೋಳಿಸಾರಿನ ಪರಿಮಳ ಹಿಡಿದು ಭಾವನೂ ಬಂದ. ಒಳಕೋಣೆಯಲ್ಲಿ ಎರಡು ಎಲೆ ಹಾಕಿತ್ತು. ಹಿರಿಯನಾದವನು ಸತ್ತವರನ್ನು ಹೆಸರು ಹಿಡಿದು ಉಣ್ಣಲು ಕರೆಯಬೇಕು. ತಮ್ಮನನ್ನು ಕರೆದು ಮುಗಿಸಿ, ಇನ್ನೊಂದು ಎಲೆ ಯಾರಿಗೆಂದು ಕೇಳಿದ.

"ನಿಮ್ಮ ಎಡಗಣ್ಣಿನವರಿಗೆ. ಕರೀರಿ."

ಅವನಿಗೆ ಹೆಸರು ಗೊತ್ತಿರಲಿಲ್ಲ. ಒಂದು ದಿನವೂ ಆ ಯೋಚನೆ ಅವನ ತಲೆಗೆ ಬಂದಿರಲಿಲ್ಲ. ಮೆಲ್ಲ ಹೊರಗೆ ಬಂದ.

ಕುಲೆಗಳು ಉಣ್ಣಲೆಂದು ರತ್ನಾವತಿ ಬಾಗಿಲು ಎಳೆದುಕೊಂಡು ಹೊರಗೆ ಕುಳಿತಳು.

"ಹೆಸರು ಹಿಡಿದು ಕರೆಯದೆ ಅವರು ಬರುವುದಿಲ್ಲ, ಅವರು ಉಣ್ಣದೆ ನಾವು ಉಣ್ಣುವ ಕ್ರಮ ಇಲ್ಲ ಭಾವ. ಕೂತ್ಕೊಳ್ಳಿ."